ಮೂರು ಬೆಲ್ಟು, ಎರಡು ವಾಷರು

ನಮ್ಮ ಕಾರು ಹೊರಟಿದೆ ಅನ್ನುವುದು ಬೀದಿಯ ತುದಿಯಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಹಾರ್ನ್ ಬೇಕಿರಲಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನೊಳಗಿಂದ ಫ್ಯಾನ್ ಬೆಲ್ಟು ಕಿರುಚಿಕೊಳ್ಳುತ್ತಿತ್ತು. ಎದುರು ಮನೆಯ ಅಜ್ಜಿ ಕಿವಿ ಮುಚ್ಚಿಕೊಂಡು, "ಟೀಚರಮ್ಮ ಹೊರಟ್ಲು" ಅನ್ನುತ್ತಿದ್ದಳು. ನಾನು ಕೇಳಿಸದವಳ ಹಾಗೆ ಗೇರ್ ಹಾಕುತ್ತಿದ್ದೆ.

ಚಿಕ್ಕಬಳ್ಳಾಪುರ ಜಿಲ್ಲೆಯಾದ ಮರುವರ್ಷದ ಮಾತು ಇದು. ಆಗ ನನಗೆ ಮೂವತ್ತೆರಡು. ಮನೆ ಶಿಡ್ಲಘಟ್ಟದಲ್ಲಿ, ಪಾಠ ಹೇಳುವ ಕೆಲಸ ಮೇಲೂರಿನಲ್ಲಿ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸೋತುಹೋಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡು, ಒಂದು ಊರುಗೋಲು ಹಿಡಿದು ನಡೆಯುತ್ತೇನೆ. ಬಲಗಾಲು ಗಟ್ಟಿಯಾಗಿದೆ, ಕೈಗಳು ಅದಕ್ಕಿಂತ ಗಟ್ಟಿ, ನಾಲಿಗೆ ಎಲ್ಲಕ್ಕಿಂತ ಗಟ್ಟಿ ಅನ್ನುವುದು ನಮ್ಮಮ್ಮನ ಅಭಿಪ್ರಾಯ.

ಬಸ್ಸು ನನಗೆ ಆಗುತ್ತಿರಲಿಲ್ಲ. ಮೊದಲ ಮೆಟ್ಟಿಲು ನನ್ನ ಮೊಣಕಾಲಿನೆತ್ತರ. ಹತ್ತುವಷ್ಟರಲ್ಲಿ ಹಿಂದಿನಿಂದ ಯಾರಾದರೂ ಕಂಕುಳಿಗೆ ಕೈ ಹಾಕಿ ಎತ್ತಲು ಬರುತ್ತಿದ್ದರು. ಸಹಾಯಕ್ಕೆ ಬರುವ ಕೈಗಳು ಎಲ್ಲೆಲ್ಲಿಗೆ ಬರುತ್ತವೆ ಎಂದು ಹೇಳಲು ಕೂತರೆ ಅದೇ ಒಂದು ಪುಸ್ತಕವಾಗುತ್ತದೆ, ಬಿಡಿ. ತಮ್ಮ ಕೆಲಸಕ್ಕೆಂದು ಬೇರೆ ಊರು ಸೇರಿದ್ದ. ಹಾಗಾಗಿ ಎಂಟು ವರ್ಷ ಅಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೇಲೂರಿಗೆ ಬಿಟ್ಟು, ಸಂಜೆ ಕರೆತರುತ್ತಿದ್ದ. ಅಪ್ಪನಿಗೆ ಜ್ವರ ಬಂದರೆ ನನಗೆ ರಜೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅಪ್ಪನಿಗೆ ತಡವಾದರೆ ಹೆಡ್‌ಮಾಸ್ಟರ ಮುಂದೆ ತಲೆ ತಗ್ಗಿಸಿ ನಿಲ್ಲುವವಳು ನಾನು. ಅಪ್ಪ ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

ಮನೆಯ ಹಿಂದೆ ನಮ್ಮದೊಂದು ಸಣ್ಣ ರೀಲಿಂಗ್ ಯೂನಿಟ್ ಇತ್ತು. ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವ ಕೆಲಸ. ನೂಲು ಸಾಗಿಸಲೆಂದು ಅಪ್ಪ ಯಾವಾಗಲೋ ಕೊಂಡಿದ್ದ ಹಳೆಯ ಬಿಳಿ ಡೀಸೆಲ್ ಕಾರೊಂದು ಚಪ್ಪರದ ಕೆಳಗೆ ನಿಂತಿತ್ತು. ಅದನ್ನು ನನಗೆ ಹೊಂದುವ ಹಾಗೆ ಮಾಡಿಸಿಕೊಡು ಎಂದು ಆರು ತಿಂಗಳು ಅಪ್ಪನ ತಲೆ ತಿಂದೆ. ಕೊನೆಗೆ ಅವನು ಚಿಂತಾಮಣಿಯ ಒಬ್ಬ ಮೆಕ್ಯಾನಿಕ್‌ನ ಹತ್ತಿರ ಕರೆದುಕೊಂಡು ಹೋದ.

ಮೆಕ್ಯಾನಿಕ್ ಚುರುಕು ಮನುಷ್ಯ. ನನ್ನ ಕಾಲನ್ನು ನೋಡಲಿಲ್ಲ, ಕಾರನ್ನು ನೋಡಿದ. ಅಷ್ಟಕ್ಕೇ ಅವನ ಮೇಲೆ ನನಗೆ ಗೌರವ ಬಂತು. ಹದಿನೈದು ದಿನದಲ್ಲಿ ಕ್ಲಚ್ಚನ್ನು ಕಾಲಿನಿಂದ ಕೈಗೆ ತಂದುಕೊಟ್ಟ. ಗೇರ್ ಗುಂಡಿಯ ಮೇಲೆ ಒಂದು ಸ್ವಿಚ್ಚು. ಬೆರಳಲ್ಲಿ ಒತ್ತಿದರೆ ವ್ಯಾಕ್ಯೂಮ್ ಪಂಪು ಗಾಳಿಯನ್ನು ಎಳೆದುಕೊಂಡು ಕ್ಲಚ್ಚನ್ನು ತಾನೇ ಒತ್ತುತ್ತದೆ. ಆ ಪಂಪು ಇರುವುದು ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಬೆನ್ನಿಗೆ. ಮೊದಲಿದ್ದ ಪಂಪಿನ ಶಕ್ತಿ ಸಾಲದೆಂದು ದೊಡ್ಡ ಪಂಪಿನ ಬೇರೆ ಡೈನಮೋ ತಂದು, ಅದನ್ನು ಕೂರಿಸಲು ಕಬ್ಬಿಣದ ಹೊಸ ಬ್ರಾಕೆಟ್ಟನ್ನೇ ವೆಲ್ಡ್ ಮಾಡಿದ್ದ. ಇಷ್ಟನ್ನೂ ತಿರುಗಿಸುವುದು ಒಂದೇ ಬೆಲ್ಟು. ಬೇರೆಯವರ ಕಾರಿನಲ್ಲಿ ಬೆಲ್ಟು ಸಡಿಲವಾದರೆ ಬ್ಯಾಟರಿ ಇಳಿಯುತ್ತದೆ, ಎಂಜಿನ್ ಕಾಯುತ್ತದೆ. ನನ್ನ ಕಾರಿನಲ್ಲಿ ಎಡಗಾಲೇ ಇಲ್ಲವಾಗುತ್ತದೆ.

ಎಲ್ ಬೋರ್ಡು ಹಾಕಿಕೊಂಡು, ಅಪ್ಪನನ್ನು ಜೊತೆಗಿಟ್ಟುಕೊಂಡು ಮೇಲೂರಿಗೆ ನಾನೇ ಓಡಿಸತೊಡಗಿದೆ. ಎರಡೇ ವಾರಕ್ಕೆ ಬೆಲ್ಟು ಹಿಗ್ಗಿತು. ಚಿಂತಾಮಣಿಗೆ ಹೋದೆವು. ಮೆಕ್ಯಾನಿಕ್ ಡೈನಮೋವನ್ನು ಸ್ವಲ್ಪ ಎಳೆದು ಬಿಗಿ ಮಾಡಿದ. "ಏಂ ಕಾದು ಮೇಡಂ, ಏನೂ ಆಗಲ್ಲ, ಆರಾಮಾಗಿ ಓಡ್ಸಿ" ಅಂದ. ಮತ್ತೆ ಹಿಗ್ಗಿತು. ಮತ್ತೆ ಹೋದೆವು, ಮತ್ತೆ ಏಂ ಕಾದು. ಬಿಗಿ ಮಾಡುವ ಪಟ್ಟಿಯಲ್ಲಿ ಇದ್ದ ಉದ್ದನೆಯ ತೂತೇ ಮುಗಿಯುತ್ತ ಬಂತು. ಅಷ್ಟರಲ್ಲಿ ಲೈಸೆನ್ಸಿನ ಪರೀಕ್ಷೆಯ ದಿನವೂ ಬಂತು.

ಪರೀಕ್ಷೆ ಚಿಕ್ಕಬಳ್ಳಾಪುರದಲ್ಲಿ. ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು ನಾನೇ ಓಡಿಸಿಕೊಂಡು ಹೋದೆ. ನೇರ ಓಡಿಸಿದೆ, ತಿರುಗಿಸಿದೆ, ಹಿಂದಕ್ಕೆ ಬಂದೆ. ಎಲ್ಲ ಸರಿಯಾಯಿತು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು ಅನ್ನುವಾಗ ಬೆಲ್ಟು ಕಿರುಚಿತು. ಚಾರ್ಜಿನ ಕೆಂಪು ದೀಪ ಹತ್ತಿತು. ಸ್ವಿಚ್ ಒತ್ತಿದೆ, ಕ್ಲಚ್ ಅರ್ಧಕ್ಕೇ ನಿಂತಿತು. ಕಾರು ಎರಡು ಸಲ ಗಕ್ಕಗಕ್ಕ ಅಂದು ಆಫ್ ಆಯಿತು. ಸುಟ್ಟ ರಬ್ಬರಿನ ವಾಸನೆ ಒಳಗೆಲ್ಲ ತುಂಬಿತು.

ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರು ಕೂಗಾಡುವವರಲ್ಲ. ಕೆಳಗಿಳಿದು ಬಾನೆಟ್ ತೆಗೆಸಿ ನೋಡಿದರು. "ನಿಮ್ಮ ಡ್ರೈವಿಂಗಿಗೆ ನನ್ನ ತಕರಾರಿಲ್ಲ ಮೇಡಂ. ಗಾಡಿ ಸರಿಯಿಲ್ಲ. ಕ್ಲಚ್ಚು ಕೈ ಕೊಟ್ರೆ ಏರಲ್ಲಿ ಏನ್ಮಾಡ್ತೀರಿ? ಸರಿ ಮಾಡಿಸ್ಕೊಂಡು ಹತ್ತು ದಿನ ಬಿಟ್ಟು ಬನ್ನಿ" ಅಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ನ್ಯಾಯವಾಗಿದ್ದುದರಿಂದಲೇ ನನಗೆ ಜಗಳವಾಡಲೂ ದಾರಿ ಇರಲಿಲ್ಲ.

ಕಾಲಿನ ಕ್ಲಚ್ ಪೆಡಲು ಹಾಗೇ ಇದ್ದುದರಿಂದ ವಾಪಸು ಬರುವಾಗ ಅಪ್ಪ ಸ್ಟೀರಿಂಗ್ ಹಿಡಿದ. ಅರ್ಧ ದಾರಿ ಸಾಗಿತು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ನೋಡಣ ಕಣಮ್ಮ. ಆಗ್ಲೂ ಹಿಂಗೇ ನಿಂತ್ರೆ ಇದನ್ನ ಮಾರ್ಬಿಡಣ. ನಗರಗೆರೆ ಕಡೆ ಒಬ್ರು ಕೇಳ್ತಾವ್ರೆ. ನಾನಿದ್ದೀನಲ್ಲ, ದಿನಾ ಬಿಡ್ತೀನಿ. ಬೇಡ ಅಂದೋರ್ಯಾರು?" ಅಂದ.

"ನಾನು ಅಂತಿದ್ದೀನಿ ಬೇಡ ಅಂತ" ಎಂದೆ.

"ಹಟ ಮಾಡ್ಬೇಡ."

"ನೀನು ಎಷ್ಟು ವರ್ಷ ಬಿಡ್ತೀಯಪ್ಪ? ನಾನು ರಿಟೈರ್ ಆಗೋವರ್ಗೂ?"

ಅಪ್ಪ ಗೇರ್ ಬದಲಿಸಿದ. ಅವನಿಗೆ ಆಗ ಅರವತ್ತು ದಾಟಿತ್ತು. ಹೇಳಿದ ಮಾತು ಕ್ರೂರವಾಯಿತು ಎಂದು ಹೇಳುವಾಗಲೇ ಗೊತ್ತಾಯಿತು, ಆದರೂ ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ಒಪ್ಪಂದವಾಯಿತು. ಎರಡನೇ ಸಲವೂ ನಿಂತರೆ ಕಾರು ನಗರಗೆರೆಗೆ, ನಾನು ಸ್ಕೂಟರಿನ ಹಿಂದಕ್ಕೆ.

ಮರುದಿನವೇ ನಗರಗೆರೆಯವರು ನೋಡಲು ಬಂದರು. ಬೇಸಾಯಗಾರರು, ಒಳ್ಳೆಯ ಮಾತಿನವರು. ಟಯರು ಒದ್ದು ನೋಡಿದರು, ಡಿಕ್ಕಿ ತೆಗೆದು ನೋಡಿದರು. ಆಮೇಲೆ ಗೇರ್ ಗುಂಡಿಯ ಮೇಲಿನ ಸ್ವಿಚ್ ಕಂಡು, "ಈ ತಾಪತ್ರಯ ಎಲ್ಲ ತೆಗಿಸಾಕ್ಬೋದಲ್ವ?" ಎಂದು ಅಪ್ಪನನ್ನು ಕೇಳಿದರು. ನಾನು ಜಗಲಿಯ ಮೇಲೆ ಕೂತು ಮಕ್ಕಳ ನೋಟ್‌ಪುಸ್ತಕ ತಿದ್ದುತ್ತಿದ್ದೆ.

"ತೆಗಿಸ್ಬೋದು. ಮೊದ್ಲು ನನ್ನ ತೆಗಿಸ್ಬೇಕು, ಅಷ್ಟೆ" ಎಂದೆ.

ಅವರು ಕಾಫಿಯನ್ನೂ ಪೂರ್ತಿ ಕುಡಿಯದೆ, ಹತ್ತು ದಿನ ಬಿಟ್ಟು ಫೋನ್ ಮಾಡುತ್ತೇನೆ ಎಂದು ಹೊರಟರು. ಅಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿ ಲೋಟ ಎತ್ತಿಕೊಂಡು ಹೋದಳು.

ಅಪ್ಪ ಮೋಸಗಾರನಲ್ಲ. ಕಾರು ಮಾರುವ ಆಸೆ ಒಳಗಿದ್ದರೂ ಅದನ್ನು ಸರಿಮಾಡಲು ತನ್ನ ಕೈಲಾದ್ದನ್ನು ಮಾಡಲೇಬೇಕು ಅನ್ನುವ ಜಾತಿ. ಹೊಸ ಬೆಲ್ಟು ತಂದ, ತಾನೇ ಹಾಕಿದ. ಹಾಕಿದವನು ಸುಮ್ಮನಿರಬೇಕಿತ್ತು. ಆದರೆ ನಲವತ್ತು ವರ್ಷ ರೀಲಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡಿದ ಕೈ. ನಮ್ಮಲ್ಲಿ ಮೋಟರಿನಿಂದ ಶಾಫ್ಟಿಗೆ ಹೋಗುವ ಚಪ್ಪಟೆ ಬೆಲ್ಟು ಹಿಗ್ಗಿದರೆ ಒಂದು ತುಂಡು ಕತ್ತರಿಸಿ ಮತ್ತೆ ಹೊಲಿಯುತ್ತಾರೆ. ಜಾರಿದರೆ ರಾಳದ ಪುಡಿ ಉಜ್ಜುತ್ತಾರೆ, ಅಂಟು ಬಂದು ಹಿಡಿದುಕೊಳ್ಳುತ್ತದೆ. ಶಿಡ್ಲಘಟ್ಟದಲ್ಲಿ ಯಾವ ರೀಲರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅಪ್ಪ ಕಾರಿನ ಹೊಸ ಬೆಲ್ಟಿಗೂ ಒಂದು ಹಿಡಿ ರಾಳ ಉಜ್ಜಿದ.

ಎರಡು ದಿನ ಕಾರು ಉಸಿರೆತ್ತಲಿಲ್ಲ. ಎದುರು ಮನೆಯ ಅಜ್ಜಿ, ಇವತ್ತು ಸ್ಕೂಲಿಗೆ ಹೋಗಲಿಲ್ಲವೇ ಎಂದು ಕೇಳಿದಳು. ಅಪ್ಪ ಮೀಸೆಯಲ್ಲೇ ನಗುತ್ತ ಓಡಾಡಿದ. "ಮೆಕ್ಯಾನಿಕ್ಕುಗಳಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ" ಅಂದ. ಮೂರನೇ ದಿನ ಮೇಲೂರಿನ ದಾರಿಯಲ್ಲಿ ಮಣ್ಣಿನ ಧೂಳು ಆ ಅಂಟಿಗೆ ಮೆತ್ತಿಕೊಂಡು, ಬಿಸಿಗೆ ಕರಗಿ, ಬೆಲ್ಟು ಸುತ್ತುವ ಪುಲ್ಲಿಯ ತೋಡಿನಲ್ಲಿ ಉಂಡೆಗಟ್ಟಿತು. ಬೆಲ್ಟು ತಟತಟ ಬಡಿದುಕೊಳ್ಳತೊಡಗಿತು. ಬಾನೆಟ್ಟಿನಿಂದ ಹೊಗೆ ಬಂತು. ಶಾಲೆಗೆ ಕೂಗಳತೆಯ ದೂರದಲ್ಲಿ ಕಾರು ನಿಂತಿತು. ನನ್ನ ತರಗತಿಯ ಮಕ್ಕಳು ಬೇಲಿಯ ಮೇಲಿಂದ ನೋಡುತ್ತಿದ್ದರು. ಅಪ್ಪನನ್ನು ಕಾರಿನ ಹತ್ತಿರ ಬಿಟ್ಟು, ನಾನು ಊರುಗೋಲು ತೆಗೆದುಕೊಂಡು ಇಳಿದು ನಡೆದೆ. ಯಾರೂ ಕೈ ಕೊಡಲು ಬರದಷ್ಟು ಮುಖ ಕೆಂಪಾಗಿತ್ತು ಅಂತ ಕಾಣುತ್ತದೆ.

ಫೋನ್ ಮಾಡಿದ್ದಕ್ಕೆ ಚಿಂತಾಮಣಿಯಿಂದ ಮೆಕ್ಯಾನಿಕ್ ಬಂದ. ರಾಳ ಕಂಡು ಹಣೆ ಚಚ್ಚಿಕೊಂಡ. "ಯಾರು ಸಾರ್ ಈ ಅಂಟು ಬಳಿದೋರು?" ಅಂದ. ಅಪ್ಪ ಆಕಾಶ ನೋಡಿದ. ಮೆಕ್ಯಾನಿಕ್ ಪೆಟ್ರೋಲಿನಲ್ಲಿ ಬೆಲ್ಟು ಒರೆಸಿ, ಉದ್ದನೆಯ ರಾಡು ಹಾಕಿ ಡೈನಮೋವನ್ನು ಮೀಟಿ, ತಂತಿಯ ಹಾಗೆ ಬಿಗಿ ಮಾಡಿದ. ಈಗ ಕಿರುಚಾಟ ಹೋಗಿ ಒಂದು ಗುಯ್‌ಗುಟ್ಟುವಿಕೆ ಶುರುವಾಯಿತು. ಡೈನಮೋದ ಬೇರಿಂಗ್ ಅಳುತ್ತಿತ್ತು. ಮರುದಿನಕ್ಕೆ ಬೆಲ್ಟಿನ ಒಂದು ಪಕ್ಕ ನಾರುನಾರಾಗಿ ಎದ್ದುಬಂತು.

"ಈಗಿನ್ ಬೆಲ್ಟೆಲ್ಲ ಡೂಪ್ಲಿಕೇಟು ಮೇಡಂ, ಏನ್ ಮಾಡಾಕಾಗ್ತದೆ" ಎಂದು ಅವನು ಫೋನಿನಲ್ಲಿ ಹೇಳಿದ. ಅಪ್ಪ, "ಕಾರೇ ಸರಿಯಿಲ್ಲ" ಅಂದ. ಅಮ್ಮ, "ಘಳಿಗೆಯೇ ಸರಿಯಿಲ್ಲ" ಅಂದಳು. ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು.

ನನಗೆ ರೇಗಿತು. ಇವರೆಲ್ಲ ನನ್ನ ಕಾಲಿನ ವಿಷಯದಲ್ಲೂ ಮೂವತ್ತು ವರ್ಷ ಇದೇ ಮಾಡಿದ್ದರು. ಒಬ್ಬರು ಎಣ್ಣೆ ಉಜ್ಜಿದರು, ಒಬ್ಬರು ಬಿಗಿಯಾಗಿ ಕಟ್ಟಿದರು, ಒಬ್ಬರು ಘಳಿಗೆ ಕೇಳಿದರು. ಕೂತು ನೋಡಿದವರು ಕಡಿಮೆ.

"ನಾಳೆ ಭಾನುವಾರ. ಕಾರು ನಾನು ನೋಡ್ತೀನಿ. ಯಾರೂ ಕೈ ಹಾಕ್ಬೇಡಿ" ಎಂದೆ.

"ನೀನಾ?" ಅಂದ ಅಪ್ಪ.

"ಹೂಂ, ನಾನೇ. ಬಗ್ಗಿ ನೋಡಕ್ಕೆ ಎಡಗಾಲು ಬೇಕಾಗಲ್ಲ."

ಬೆಳಗ್ಗೆ ಬಾನೆಟ್ ಎತ್ತಿ, ಎತ್ತರದ ಸ್ಟೂಲೊಂದನ್ನು ಬಂಪರಿಗೆ ಒತ್ತಿ ಹಾಕಿಕೊಂಡು, ಊರುಗೋಲನ್ನು ರೇಡಿಯೇಟರಿಗೆ ಒರಗಿಸಿ ಕೂತೆ. ಮೊದಲು ಏನನ್ನೂ ಬಿಚ್ಚಲಿಲ್ಲ. ಬರೀ ನೋಡಿದೆ. ಕಾಲು ಓಡದ ಮಗುವನ್ನು ಎಲ್ಲಿ ಕೂರಿಸಿದರೆ ಅಲ್ಲೇ ನೋಡುತ್ತ ಕೂರಬೇಕು. ನನ್ನನ್ನು ಕೂರಿಸುತ್ತಿದ್ದುದು ಯೂನಿಟ್ಟಿನ ಮೂಲೆಯಲ್ಲಿ, ಬೇಯುವ ಗೂಡಿನ ವಾಸನೆಯಲ್ಲಿ, ತಿರುಗುವ ಶಾಫ್ಟಿನ ಎದುರು. ಬೆಲ್ಟು ಯಾವಾಗ ಒಂದು ಪಕ್ಕಕ್ಕೆ ಸರಿಯುತ್ತದೆ, ಯಾವಾಗ ಕಳಚಿ ಬೀಳುತ್ತದೆ ಎಂದು ನನಗೆ ಕೆಲಸದವರಿಗಿಂತ ಮುಂಚೆ ತಿಳಿಯುತ್ತಿತ್ತು. ಅದನ್ನು ವಿದ್ಯೆ ಎಂದು ನಾನೂ ಅಂದುಕೊಂಡಿರಲಿಲ್ಲ, ಬೇರೆ ಯಾರೂ ಅಂದುಕೊಂಡಿರಲಿಲ್ಲ.

ಸವೆದ ಬೆಲ್ಟು ಬಿಚ್ಚಿ ಬೆಳಕಿಗೆ ಹಿಡಿದೆ. ಈ ಬೆಲ್ಟು ಚಪ್ಪಟೆಯಲ್ಲ, ಪುಲ್ಲಿಯ ತೋಡಿನೊಳಗೆ ಬೆಣೆಯ ಹಾಗೆ ಕೂರುವಂಥದ್ದು. ಹಿಡಿಯುವುದು ಅದರ ಎರಡು ಪಕ್ಕಗಳು. ಒಂದು ಪಕ್ಕ ಹೊಸದರ ಹಾಗೆಯೇ ಇತ್ತು. ಇನ್ನೊಂದು ಪಕ್ಕ ಕನ್ನಡಿಯಂತೆ ಹೊಳೆಯುತ್ತಿತ್ತು. ಬಾನೆಟ್ಟಿನೊಳಗೆ ಉದುರಿದ ಕಪ್ಪು ಪುಡಿ ಕೂಡ ಒಂದೇ ಕಡೆ ಬಿದ್ದಿತ್ತು. ಮೊದಲ ಬೆಲ್ಟನ್ನೂ ಹುಡುಕಿ ತೆಗೆದು ನೋಡಿದೆ. ಅದೂ ಹಾಗೆಯೇ. ಬೆಲ್ಟು ತಾನಾಗಿ ಹಿಗ್ಗುತ್ತಿರಲಿಲ್ಲ. ಯಾವುದೋ ಅದನ್ನು ಓರೆಯಾಗಿ ಎಳೆದು ಸವೆಸುತ್ತಿತ್ತು.

ಸೀಮೆಎಣ್ಣೆಯ ಬಟ್ಟೆಯಿಂದ ಪುಲ್ಲಿಗಳ ತೋಡಿನ ರಾಳವನ್ನೆಲ್ಲ ಕೆರೆದು ಒರೆಸಿದೆ. ಆಮೇಲೆ, "ಅಪ್ಪ, ಒಂದೆಳೆ ನೂಲು ತಗೊಂಬಾ" ಎಂದೆ.

ಅಪ್ಪ ಬೆಳಗಿನಿಂದ ಚಪ್ಪರದ ಕಂಬಕ್ಕೆ ಒರಗಿಕೊಂಡೇ ನಿಂತಿದ್ದ. ಯಾಕೆ ಎಂದು ಕೇಳಲಿಲ್ಲ. ಒಳಗೆ ಹೋಗಿ ಹುರಿ ಮಾಡದ ರೇಷ್ಮೆ ನೂಲಿನ ಒಂದು ಎಳೆ ತಂದ. ಶಾಫ್ಟಿನ ಬೆಲ್ಟು ಪಕ್ಕಕ್ಕೆ ಸರಿದಾಗಲೆಲ್ಲ ಪುಲ್ಲಿಯಿಂದ ಪುಲ್ಲಿಗೆ ನೂಲು ಎಳೆದು ಸಾಲು ಸರಿಯಿದೆಯೇ ಎಂದು ನೋಡುತ್ತಿದ್ದವನು ಅವನೇ. ಕಾರು ಅಂದರೆ ಬೇರೆ ಎಂದುಕೊಂಡು ಆ ಕೆಲಸವನ್ನೇ ಮರೆತಿದ್ದ. ರಾಳ ಮಾತ್ರ ನೆನಪಿತ್ತು.

ಒಂದು ತುದಿಯನ್ನು ಅವನು ಕೆಳಗಿನ ಪುಲ್ಲಿಯ ಅಂಚಿಗೆ ಒತ್ತಿ ಹಿಡಿದ. ಇನ್ನೊಂದನ್ನು ನಾನು ಫ್ಯಾನಿನ ಪುಲ್ಲಿಗೆ ಎಳೆದೆ. ಎರಡೂ ಒಂದೇ ಸಾಲಿನಲ್ಲಿದ್ದವು. ಫ್ಯಾನಿನಿಂದ ಡೈನಮೋಗೆ ಎಳೆದೆ. ಅಲ್ಲಿ ನೂಲು ಪುಲ್ಲಿಯ ಅಂಚನ್ನು ಮುಟ್ಟಲಿಲ್ಲ. ನಡುವೆ ಒಂದು ಬೆಂಕಿಕಡ್ಡಿ ಸರಿಯಾಗಿ ತೂರುವಷ್ಟು ಸಂದು. ಅಂದರೆ ಹೊಸ ಬ್ರಾಕೆಟ್ಟು ಡೈನಮೋವನ್ನು ಅಷ್ಟು ಹಿಂದಕ್ಕೆ ಕೂರಿಸಿತ್ತು. ಅಪ್ಪ ಬಗ್ಗಿ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. "ಹೂಂ" ಅಂದ, ಅಷ್ಟೆ.

ಯೂನಿಟ್ಟಿನ ಡಬ್ಬಿಯಲ್ಲಿ ಒಂದೇ ದಪ್ಪದ ಎರಡು ವಾಷರು ಸಿಕ್ಕವು. ಡೈನಮೋದಲ್ಲಿ ಬೋಲ್ಟು ಕೂರುವ ಎರಡು ಕಿವಿಗಳ ಹಿಂದೆ ಒಂದೊಂದನ್ನು ತೂರಿಸಿ, ಅದನ್ನು ಮುಂದಕ್ಕೆ ತಂದು ಬೋಲ್ಟು ಹಾಕಿದೆ. ಬೋಲ್ಟಿನ ಬಿಗಿಗೆ ನನ್ನ ಭುಜವೆಲ್ಲ ನಡುಗಿತು. ಅಪ್ಪ ಸ್ಪ್ಯಾನರಿಗೆ ಕೈ ಚಾಚಿದ. ನಾನು ಕೊಡಲಿಲ್ಲ. ಮತ್ತೆ ನೂಲು ಹಿಡಿದು ನೋಡಿದೆವು. ಮೂರೂ ಪುಲ್ಲಿಯ ಅಂಚನ್ನು ನೂಲು ಸವರಿಕೊಂಡು ಹೋಯಿತು. ಹಿಂದಿನ ದಿನ ಅಪ್ಪನಿಂದ ತರಿಸಿಟ್ಟಿದ್ದ ಮೂರನೇ ಬೆಲ್ಟು ಹಾಕಿ, ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಬೆರಳಷ್ಟು ತಗ್ಗುವ ಹಾಗೆ ಬಿಗಿ ಮಾಡಿದೆ. ತಂತಿಯ ಹಾಗೆ ಅಲ್ಲ.

ಸಂಜೆ ಮೇಲೂರಿನವರೆಗೆ ಹೋಗಿ ಬಂದೆವು. ಮನೆ ಮುಟ್ಟುವಷ್ಟರಲ್ಲಿ ಸಣ್ಣಗೆ ಕೀಚಲು ಕೇಳಿಸಿತು. ಅಪ್ಪ ನಿಟ್ಟುಸಿರು ಬಿಟ್ಟ. "ಸಾಕು ಬಿಡಮ್ಮ. ಎಷ್ಟಂತ ಒದ್ದಾಡ್ತೀಯ. ನಗರಗೆರೆಯೋರಿಗೆ ಫೋನ್ ಮಾಡ್ತೀನಿ."

ಮುಗಿಯಿತು ಎಂದೇ ನಾನೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೂ ಬಾನೆಟ್ ಎತ್ತಿ ಬೆಲ್ಟು ಬಿಚ್ಚಿ ನೋಡಿದೆ. ಈ ಸಲ ಎರಡು ಪಕ್ಕವೂ ಒಂದೇ ಸಮ ಮಾಸಿದ್ದವು. ಓರೆ ಹೋಗಿತ್ತು. ಹೊಸ ಬೆಲ್ಟು ತೋಡಿನಲ್ಲಿ ಕೂತುಕೊಳ್ಳುವಾಗ ಮೊದಲ ಸಲ ಒಂದಿಷ್ಟು ಹಿಗ್ಗಲೇಬೇಕು. ಇದು ಆ ಹಿಗ್ಗು. "ಫೋನ್ ಮುಟ್ಬೇಡ" ಎಂದು ಮತ್ತೆ ಹಾಕಿ ಬಿಗಿ ಮಾಡಿದೆ. ಸೋಮವಾರ ಓಡಿಸಿದೆ, ಒತ್ತಿ ನೋಡಿದೆ. ಅಷ್ಟೇ ಇತ್ತು. ಮಂಗಳವಾರ ಓಡಿಸಿದೆ. ಅಷ್ಟೇ ಇತ್ತು.

ಬುಧವಾರ ಚಿಕ್ಕಬಳ್ಳಾಪುರದಲ್ಲಿ ಅದೇ ಇನ್ಸ್‌ಪೆಕ್ಟರು ಅದೇ ಏರಿಗೆ ಕರೆದುಕೊಂಡು ಹೋಗಿ, ನಡುವೆ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ಸ್ವಿಚ್ ಒತ್ತಿದೆ. ಕ್ಲಚ್ ಪೂರ್ತಿ ಇಳಿಯಿತು. ಒಂದಂಗುಲವೂ ಹಿಂದೆ ಸರಿಯದೆ ಕಾರು ಏರು ಹತ್ತಿತು. "ಇನ್ನೊಮ್ಮೆ" ಅಂದರು. ಇನ್ನೊಮ್ಮೆ ಹತ್ತಿಸಿದೆ. ಅವರು ಇಳಿದು ಬಾನೆಟ್ಟಿನೊಳಗೆ ಇಣುಕಿ, "ಯಾವ ಮೆಕ್ಯಾನಿಕ್ ಹತ್ರ ಮಾಡ್ಸಿದ್ರಿ?" ಅಂದರು.

ನಾನು ಬಾಯಿ ತೆಗೆಯುವ ಮೊದಲೇ ದೂರದಲ್ಲಿ ನಿಂತಿದ್ದ ಅಪ್ಪ, "ಅವ್ಳೇ ಮಾಡಿದ್ದು ಸಾರ್" ಅಂದ.

ಮಧ್ಯಾಹ್ನ ಮೂರರ ಹೊತ್ತಿಗೆ ಲೈಸೆನ್ಸ್ ಕೈಗೆ ಬಂತು. ಫೋಟೋದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವಳ ಹಾಗೆ ಕಾಣುತ್ತಿದ್ದೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟು, ಎಂದಿನಂತೆ ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದ.

"ಅಪ್ಪ, ನೀನು ಬಸ್ಸಲ್ಲಿ ಬಾ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ಯಾಕೆ, ಗಾಡಿಗೇನಾಯ್ತು?"

"ಗಾಡಿಗೇನೂ ಆಗಿಲ್ಲ. ನಾನೊಬ್ಳೇ ಬರ್ತೀನಿ."

ಬಾಗಿಲ ಮೇಲಿದ್ದ ಅವನ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಮುಖ ಸಣ್ಣದಾಯಿತು. ಎಂಟು ವರ್ಷ ಒಂದು ದಿನವೂ ಗೊಣಗದವನನ್ನು ನಡುರಸ್ತೆಯಲ್ಲಿ ಇಳಿಸುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ನೋವಾಯಿತು. ಆದರೂ ಬಾ ಎನ್ನಲಿಲ್ಲ. ಅವತ್ತು ಬಾ ಎಂದಿದ್ದರೆ ಮರುದಿನವೂ ಅನ್ನಬೇಕಾಗುತ್ತಿತ್ತು. ಅಪ್ಪ ಬಾಗಿಲು ಮೆತ್ತಗೆ ಹಾಕಿ, ಪಂಚೆ ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದ.

ಶಿಡ್ಲಘಟ್ಟದ ದಾರಿಯಲ್ಲಿ ನಾನೊಬ್ಬಳೇ. ಮೊದಲು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡೆ. ಆಮೇಲೆ ಗಟ್ಟಿಯಾಗಿ ಏನೇನೋ ಮಾತಾಡಿಕೊಂಡೆ. ಕೇಳುವವರು ಯಾರೂ ಇರಲಿಲ್ಲ. ನಮ್ಮ ಬೀದಿಯ ತಿರುವು ಬಂತು. ತಿರುಗಿಸಲಿಲ್ಲ. ಚಿಂತಾಮಣಿಯ ರಸ್ತೆಯಲ್ಲಿ ಹಾಗೇ ಮುಂದೆ ಹೋದೆ. ಒಂದು ಹಿಪ್ಪುನೇರಳೆ ತೋಟದ ಪಕ್ಕ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಕೂತೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಯಾರಿಗೂ ಹೇಳಿ ಬಂದಿರಲಿಲ್ಲ. ಮನಸ್ಸು ತುಂಬಿದಷ್ಟು ಹೊತ್ತು ಕೂತು, ಬಿಸಿಲು ಇಳಿದ ಮೇಲೆ ತಿರುಗಿಸಿಕೊಂಡು ಬಂದೆ.

ಅಪ್ಪ ನನಗಿಂತ ಮುಂಚೆ ಮನೆ ಸೇರಿ, ಬಾಗಿಲಲ್ಲೇ ನಿಂತಿದ್ದ. ಗಾಬರಿಯೂ ಸಿಟ್ಟೂ ಒಟ್ಟಿಗೇ ಮುಖದಲ್ಲಿದ್ದವು. ಚಪ್ಪರದ ಕೆಳಗೆ ಕಾರು ನಿಲ್ಲಿಸಿ, ಊರುಗೋಲು ತೆಗೆದುಕೊಂಡು ನಾನು ಇಳಿಯುವವರೆಗೂ ಕಾದು ಕೇಳಿದ.

"ಎಲ್ಲಿಗೆ ಹೋಗಿದ್ದೆ?"

ನನ್ನ ತಮ್ಮನಿಗೆ ಹದಿನೈದು ತುಂಬಿದಾಗಿನಿಂದ ಪ್ರತಿ ಸಂಜೆ ಈ ಪ್ರಶ್ನೆ ಬೀಳುತ್ತಿತ್ತು, ಅವನು ಮುಖ ಸಿಂಡರಿಸುತ್ತಿದ್ದ. ನನ್ನನ್ನು ಯಾರೂ ಒಂದು ಸಲವೂ ಹೀಗೆ ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ನಾನು ಹೋದಲ್ಲೆಲ್ಲ ಯಾರೋ ಒಬ್ಬರು ಕರೆದುಕೊಂಡು ಹೋಗಿರುತ್ತಿದ್ದರು.

"ಎಲ್ಲಿಗೂ ಇಲ್ಲಪ್ಪ, ಸುಮ್ನೆ" ಎಂದು ಒಳಗೆ ಹೋದೆ.